ಬೆಳೆ ವಿಮೆಯ ಲೆಕ್ಕ ಯಾರ ಮುಂದೆ ಆಗುತ್ತದೆ?

ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಒಂದು ಚೌಕ. ಗೋವಿನಜೋಳದ ಹೊಲದಲ್ಲಿ ಟೇಪು ಹಿಡಿದು ಅಳೆದು, ನಾಲ್ಕು ಮೂಲೆಗೆ ಗೂಟ ಬಡಿದು, ಹಗ್ಗ ಕಟ್ಟಿ, ಒಳಗಿನ ತೆನೆಯನ್ನಷ್ಟೇ ಮುರಿದು, ಕಾಳು ಬಿಡಿಸಿ ತೂಗುತ್ತಾರೆ. ಒಂದು ಗ್ರಾಮ ಪಂಚಾಯಿತಿಗೆ, ಒಂದು ಬೆಳೆಗೆ, ಇಂಥ ನಾಲ್ಕು ಚೌಕ. ನಾಲ್ಕೂ ಸೇರಿದರೆ 100 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ. ಆ ಪಂಚಾಯಿತಿಯಲ್ಲಿ ಆ ಬೆಳೆಗೆ ಕಂತು ಕಟ್ಟಿದ ಅಷ್ಟೂ ರೈತರಿಗೆ ಪರಿಹಾರ ಬರುತ್ತದೋ ಇಲ್ಲವೋ, ಬಂದರೆ ಎಕರೆಗೆ ಎಷ್ಟು ಎಂಬುದೆಲ್ಲ ಈ ಒಂದು ಗುಂಟೆಯ ತೂಕದ ಮೇಲೆ ನಿಂತಿದೆ.

ಇದರಲ್ಲೇ ಮೋಸವಿದೆ ಎನ್ನುವವರು ಬಹಳ. ನಾನು ಆ ಮಾತು ಒಪ್ಪುವುದಿಲ್ಲ. ಅನ್ನ ಬೆಂದಿದೆಯೋ ಇಲ್ಲವೋ ತಿಳಿಯಲು ಒಂದಗುಳು ಹಿಚುಕಿದರೆ ಸಾಕು. ಆದರೆ ಆ ಅಗುಳನ್ನು ಯಾವ ಪಾತ್ರೆಯಿಂದ ತೆಗೆದರು, ಹಿಚುಕಿದವರು ಯಾರು, ನೋಡಿದವರು ಯಾರು ಎಂಬುದು ಉಣ್ಣಲು ಕೂತವರಿಗೆ ಗೊತ್ತಿರಬೇಕಲ್ಲ? ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಬೆಳೆ ವಿಮೆಯ ಬಗ್ಗೆ ಕೇಳಿಬರುವ ಸಿಟ್ಟಿನ ಬುಡದಲ್ಲಿ ಇರುವುದು ಈ ಪ್ರಶ್ನೆಯೇ. "ಹಳ್ಳದ ಆಚಿ ಊರಿಗೆ ವಿಮಾ ಬಂತು, ನಮಗ್ಯಾಕ ಬರಲಿಲ್ಲ?" ಎಂದು ಕೇಳಿದ ರೈತನಿಗೆ ರೈತ ಸಂಪರ್ಕ ಕೇಂದ್ರದಲ್ಲಿ ಒಂದು ಉತ್ತರ, ಬ್ಯಾಂಕಿನಲ್ಲಿ ಇನ್ನೊಂದು, ವಿಮಾ ಕಂಪನಿಯ ಪ್ರತಿನಿಧಿಯ ಫೋನಿನಲ್ಲಿ ಮತ್ತೊಂದು. ಹಣ ಬರದಿದ್ದದ್ದಕ್ಕಿಂತ, ಏಕೆ ಬರಲಿಲ್ಲವೆಂದು ಯಾರೂ ಕಾಗದ ತೋರಿಸಿ ಹೇಳದಿರುವುದು ಅವನನ್ನು ಹೆಚ್ಚು ಕಾಡುತ್ತದೆ.

ಈ ನಾಲ್ಕು ತಾಲೂಕುಗಳನ್ನು ಒಟ್ಟಿಗೆ ಹೇಳುವುದಕ್ಕೆ ಕಾರಣವಿದೆ. ನಕ್ಷೆಯಲ್ಲಿ ಒಂದೇ ಜಿಲ್ಲೆ, ನೆಲದಲ್ಲಿ ಹಾಗಲ್ಲ. ಹಾನಗಲ್ಲ ಮಲೆನಾಡಿನ ಸೆರಗು. ಭತ್ತ, ಅಡಿಕೆ, ಮಾವು. ಶಿಗ್ಗಾವಿಯ ಪಡುವಣ ಭಾಗ ಹಾನಗಲ್ಲನ್ನು ಹೋಲುತ್ತದೆ, ಮೂಡಣ ಭಾಗ ಬಯಲುಸೀಮೆಯೇ. ಸವಣೂರೆಂದರೆ ವೀಳ್ಯದೆಲೆಯ ಹೆಸರು ಮೊದಲು ಬರುತ್ತದೆ, ಸುತ್ತಲಿನ ಎರೆಹೊಲದಲ್ಲಿ ಹತ್ತಿ, ಶೇಂಗಾ, ಮೆಣಸಿನಕಾಯಿ. ಹಿರೇಕೆರೂರಿನಲ್ಲಿ ಗೋವಿನಜೋಳ, ಹತ್ತಿ, ಜೊತೆಗೆ ಬೀಜೋತ್ಪಾದನೆ. ಮಳೆ ಹೆಚ್ಚಾದರೆ ಎರೆಹೊಲದ ಶೇಂಗಾ ಕೊಳೆಯುತ್ತದೆ, ಅದೇ ಮಳೆಗೆ ಹಾನಗಲ್ಲದ ಭತ್ತ ಚಿಗುರುತ್ತದೆ. ಹೀಗಿರುವಾಗ ವಿಮೆಯ ಲೆಕ್ಕವನ್ನು ಎಷ್ಟು ಸಣ್ಣ ಪ್ರದೇಶಕ್ಕೆ ಇಳಿಸಿದರೂ ತಕರಾರು ತಪ್ಪುವುದಿಲ್ಲ. ತಕರಾರು ಬಂದಾಗ ತೆರೆದು ತೋರಿಸಲು ಕಡತ ಇದೆಯೇ ಎಂಬುದಷ್ಟೇ ಮುಖ್ಯವಾಗುತ್ತದೆ.

ಭಾರತದಲ್ಲಿ ಬೆಳೆ ವಿಮೆಯ ಯೋಚನೆ ಮೊದಲು ಮೊಳೆತದ್ದೇ ಕನ್ನಡದ ನೆಲದಲ್ಲಿ. ಮೈಸೂರು ಸಂಸ್ಥಾನದ ಹಣಕಾಸು ಆಡಳಿತದಲ್ಲಿದ್ದ ಜೆ. ಎಸ್. ಚಕ್ರವರ್ತಿ 1915ರಲ್ಲಿ ಮಳೆಯನ್ನೇ ಅಳತೆಗೋಲಾಗಿ ಇಟ್ಟುಕೊಂಡ ವಿಮೆಯ ಯೋಜನೆಯೊಂದನ್ನು ಮುಂದಿಟ್ಟರು, 1920ರಲ್ಲಿ ಅದನ್ನು ವಿಸ್ತರಿಸಿ ಪುಸ್ತಕವನ್ನೂ ಬರೆದರು. ವಾಡಿಕೆ ಮಳೆಗಿಂತ ಇಷ್ಟು ಪಾಲು ಕಡಿಮೆಯಾದರೆ ಇಷ್ಟು ಹಣ ಎಂಬುದು ಅದರ ತಿರುಳು. ಇಂದಿನ ಕಣ್ಣಿಗೆ ಆ ಯೋಜನೆಯ ದೊಡ್ಡ ಗುಣ ಬೇರೆಯೇ ಕಾಣುತ್ತದೆ. ಮಳೆಮಾಪಕ ಕಚೇರಿಯ ಅಂಗಳದಲ್ಲಿರುತ್ತದೆ, ಎಷ್ಟು ಬಿತ್ತೆಂದು ಹಾದಿಹೋಕನೂ ಇಣುಕಿ ನೋಡಬಹುದು. ಹೊಲದ ಇಳುವರಿ ಹಾಗಲ್ಲ, ಯಾರೋ ಹೋಗಿ ತೂಗಿ ಬರೆದುಕೊಂಡು ಬರಬೇಕು.

ಆಮೇಲಿನ ಇತಿಹಾಸ ಚಿಕ್ಕದಾಗಿ ಹೇಳಬಹುದು. ಪುಣೆಯ ವಿ. ಎಂ. ದಾಂಡೇಕರ್ 1970ರ ದಶಕದಲ್ಲಿ, ಒಬ್ಬೊಬ್ಬ ರೈತನ ನಷ್ಟ ಅಳೆಯುವ ಬದಲು ಒಂದು ಪ್ರದೇಶದ ಸರಾಸರಿ ಇಳುವರಿ ಅಳೆಯಿರಿ ಎಂದು ವಾದಿಸಿದರು. ಅದರ ಮೇಲೆ 1979ರಲ್ಲಿ ಪ್ರಾಯೋಗಿಕ ಯೋಜನೆ, 1985ರಲ್ಲಿ ಸಮಗ್ರ ಬೆಳೆ ವಿಮೆ, 1999ರ ಹಿಂಗಾರಿನಿಂದ ರಾಷ್ಟ್ರೀಯ ಕೃಷಿ ವಿಮೆ, 2016ರ ಮುಂಗಾರಿನಿಂದ ಪ್ರಧಾನ ಮಂತ್ರಿ ಫಸಲ್ ಬಿಮಾ. ನಡುವೆ 2007ರಲ್ಲಿ ಹವಾಮಾನ ಆಧಾರಿತ ವಿಮೆಯ ಸರ್ಕಾರಿ ಪ್ರಯೋಗ ಮೊದಲು ನಡೆದದ್ದು ಕರ್ನಾಟಕದಲ್ಲೇ. ಹೆಸರು ಬದಲಾದಂತೆಲ್ಲ ಲೆಕ್ಕದ ಪ್ರದೇಶ ಚಿಕ್ಕದಾಗುತ್ತ ಬಂತು. ಈಗ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿ, ಉಳಿದವಕ್ಕೆ ಹೋಬಳಿ. ಇದು ಸಣ್ಣ ಸುಧಾರಣೆಯಲ್ಲ. ಆದರೆ ಪ್ರದೇಶ ಹತ್ತಿರ ಬಂದಷ್ಟು ವೇಗದಲ್ಲಿ ಲೆಕ್ಕದ ಪುಸ್ತಕ ಹತ್ತಿರ ಬರಲಿಲ್ಲ.

ಲೆಕ್ಕ ಹೀಗಿದೆ. ಹಿಂದಿನ ಏಳು ವರ್ಷಗಳ ಇಳುವರಿಯಲ್ಲಿ ಚೆನ್ನಾಗಿದ್ದ ಐದು ವರ್ಷಗಳ ಸರಾಸರಿ ತೆಗೆಯುತ್ತಾರೆ. ಅದನ್ನು ಶೇ. 70, 80 ಅಥವಾ 90ಕ್ಕೆ ಇಳಿಸಿದರೆ ಸಿಗುವುದು ಪ್ರಾರಂಭಿಕ ಇಳುವರಿ. ಈ ವರ್ಷದ ನಾಲ್ಕು ಚೌಕಗಳ ಸರಾಸರಿ ಅದಕ್ಕಿಂತ ಎಷ್ಟು ಕಡಿಮೆಯೋ ಅಷ್ಟು ಪಾಲು ವಿಮಾ ಮೊತ್ತ ರೈತನಿಗೆ. ಪ್ರಾರಂಭಿಕ ಇಳುವರಿ ಎಕರೆಗೆ 12 ಕ್ವಿಂಟಲ್, ಈ ವರ್ಷದ್ದು 9 ಕ್ವಿಂಟಲ್ ಎಂದುಕೊಳ್ಳಿ. ಕೊರತೆ ಕಾಲು ಭಾಗ. ಎಕರೆಯ ವಿಮಾ ಮೊತ್ತ 20,000 ರೂಪಾಯಿ ಇದ್ದರೆ ಪರಿಹಾರ 5,000. ಈ ವರ್ಷದ್ದು 12 ಕ್ವಿಂಟಲ್ ಎಂದು ಬರೆದಿದ್ದರೆ ಸೊನ್ನೆ. ಎಂಟನೆಯ ತರಗತಿ ಓದಿದ ಹುಡುಗ ಮಾಡಬಹುದಾದ ಲೆಕ್ಕ. ಅಂಕಿ ಕೊಟ್ಟರೆ ಮಾತ್ರ.

ಆ ಅಂಕಿಗಳಲ್ಲಿ ಹಳೆಯ ಏಳು ವರ್ಷದ ಇಳುವರಿ ಬಹುಮುಖ್ಯ. ಸತತ ಬರ ಬಿದ್ದ ಊರಿನ ಸರಾಸರಿಯೇ ಕುಸಿದಿರುತ್ತದೆ, ಹಾಗಾಗಿ ಮತ್ತೊಂದು ಬರ ಬಿದ್ದರೂ 'ಕೊರತೆ' ಕಾಣುವುದಿಲ್ಲ. ಹಿಂದೆ ಯಾವುದೋ ವರ್ಷ ಚೌಕ ಕೊಯ್ಯದೆ ಕಚೇರಿಯಲ್ಲೇ ಅಂಕಿ ತುಂಬಿದ್ದರೆ ಆ ತಪ್ಪು ಏಳು ವರ್ಷ ಲೆಕ್ಕದೊಳಗೆ ಕೂತಿರುತ್ತದೆ. ತನ್ನ ಪಂಚಾಯಿತಿಯ ಪ್ರಾರಂಭಿಕ ಇಳುವರಿ ಎಷ್ಟು ಎಂಬುದನ್ನು ಕಂತು ಕಟ್ಟುವ ಮೊದಲು ತಿಳಿದ ರೈತ ಎಷ್ಟು ಜನ? ಬೆಲೆ ಕೇಳದೆ ಎತ್ತು ಕೊಳ್ಳದ ಈ ಸೀಮೆಯ ಜನ ವಿಮೆಯನ್ನು ಮಾತ್ರ ಹಾಗೇ ಕೊಳ್ಳುತ್ತ ಬಂದಿದ್ದಾರೆ. ವಿಮೆ ಮಾಡಿಸಿದ್ದಕ್ಕೆ ಪಾಲಿಸಿ ಪತ್ರವನ್ನು ರೈತನ ಕೈಗೇ ಕೊಡಬೇಕೆಂಬ ಅಭಿಯಾನ ಕೇಂದ್ರ ಸರ್ಕಾರದಿಂದ ಶುರುವಾದದ್ದು 2022ರಲ್ಲಿ, ಯೋಜನೆ ಬಂದ ಆರು ವರ್ಷಕ್ಕೆ.

ಚೌಕ ಕೊಯ್ಯುವ ಕೆಲಸಕ್ಕೆ ಕಡತದ ಭಾಷೆಯಲ್ಲಿ ಬೆಳೆ ಕಟಾವು ಪ್ರಯೋಗ ಎಂದು ಹೆಸರು. ಸರ್ವೆ ನಂಬರು ಆಯ್ಕೆಯಾಗುವುದು ಯಾದೃಚ್ಛಿಕ ಸಂಖ್ಯೆಯಿಂದ. ಹೊಲದೊಳಗೆ ಚೌಕದ ಮೂಲೆ ಎಲ್ಲಿ ಬೀಳಬೇಕೆಂಬುದೂ ಹಾಗೆಯೇ. ಗ್ರಾಮ ಆಡಳಿತ ಅಧಿಕಾರಿ, ಕೃಷಿ ಇಲಾಖೆಯವರು, ಪಂಚಾಯಿತಿಯವರು ಇದನ್ನು ಹಂಚಿಕೊಂಡು ಮಾಡುತ್ತಾರೆ. ಮೊಬೈಲಿನಲ್ಲಿ ಫೋಟೊ, ಸ್ಥಳದ ಅಕ್ಷಾಂಶ ರೇಖಾಂಶ ಏರಿಸಬೇಕು. ಕಾಗದದ ಮೇಲೆ ಇಷ್ಟು ಬಿಗಿ ಇರುವ ಸರ್ಕಾರಿ ಕೆಲಸ ಕಡಿಮೆ. ನೆಲದ ಮೇಲೆ ಏನಾಗುತ್ತದೆ ಅಂದರೆ, ಗೋವಿನಜೋಳ ಕೊಯ್ಲು ಊರಿಗೆ ಊರೇ ಒಂದೇ ವಾರ. ಒಬ್ಬ ನೌಕರನಿಗೆ ಹಲವು ಚೌಕ, ಜೊತೆಗೆ ಪಿಂಚಣಿ ಅರ್ಜಿ, ಮತದಾರರ ಪಟ್ಟಿ, ಗಣತಿ. ಅವನು ಬರುವ ಹೊತ್ತಿಗೆ ಹೊಲ ಒಕ್ಕಣೆಯಾಗಿರುವುದೂ ಉಂಟು. ಹಸಿ ತೂಕ, ಒಣ ತೂಕದ ವ್ಯತ್ಯಾಸ ಬೇರೆ. ಸಂಜೆ ಮಂಜಿನಲ್ಲಿ ತೂಗಿದ ತೆನೆಗೂ ಎರಡು ದಿನ ಬಿಸಿಲು ಕಂಡ ಕಾಳಿಗೂ ಎಷ್ಟು ಅಂತರ ಎಂಬುದನ್ನು ಹಿರೇಕೆರೂರಿನ ಯಾವ ರೈತನಾದರೂ ಹೇಳಿಯಾನು.

ಈ ಪ್ರಯೋಗವನ್ನು ಕಣ್ಣಾರೆ ನೋಡುವ ಹಕ್ಕು ಮಾರ್ಗಸೂಚಿಯಲ್ಲಿ ಇರುವುದು ವಿಮಾ ಕಂಪನಿಗೆ. ಅದರ ಪ್ರತಿನಿಧಿ ಸಹ ವೀಕ್ಷಕನಾಗಿ ನಿಲ್ಲಬಹುದು. ಬಂದ ಅಂಕಿ ತನಗೆ ಒಪ್ಪಿಗೆಯಾಗದಿದ್ದರೆ ಕಂಪನಿ ಆಕ್ಷೇಪ ಎತ್ತಬಹುದು. ಉಪಗ್ರಹದ ಚಿತ್ರ ತಂದು 'ಇಲ್ಲಿ ಇಷ್ಟು ನಷ್ಟ ಆಗಿರಲಾರದು' ಎಂದು ವಾದಿಸಬಹುದು. ರಾಜ್ಯದ ತಾಂತ್ರಿಕ ಸಮಿತಿಯಲ್ಲಿ ಸೋತರೆ ಕೇಂದ್ರದ ಸಮಿತಿಗೂ ಹೋಗಬಹುದು. ಅಷ್ಟು ದಿನವೂ ಪರಿಹಾರ ನಿಂತಿರುತ್ತದೆ. ಶಿಗ್ಗಾವಿಯ ರೈತನಿಗೆ ತಿಳಿಯುವುದು 'ಪರಿಶೀಲನೆಯಲ್ಲಿದೆ' ಎಂಬ ಒಂದು ಪದ. ಯಾರು ಆಕ್ಷೇಪಿಸಿದರು, ಯಾವ ಚೌಕದ ಮೇಲೆ, ಯಾವ ಆಧಾರದ ಮೇಲೆ, ಸಮಿತಿ ಏನೆಂದಿತು? ಇದು ಊರ ಫಲಕಕ್ಕೆ ಬರುವುದಿಲ್ಲ. ಅದೇ ರೈತನಿಗೆ 'ನಮ್ಮೂರ ಇಳುವರಿಯನ್ನು ಹೆಚ್ಚು ಬರೆದಿದ್ದೀರಿ' ಎಂದು ಆಕ್ಷೇಪಿಸಲು ಅಂಥದ್ದೇ ಮೆಟ್ಟಿಲುಗಳಿಲ್ಲ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಕುಂದುಕೊರತೆ ಸಮಿತಿ ಇದೆ, ರೈತ ಪ್ರತಿನಿಧಿಗಳಿಗೂ ಅಲ್ಲಿ ಜಾಗ ಉಂಟು. ಆದರೆ ಅದು ಅಂಕಿ ಗಟ್ಟಿಯಾದ ಮೇಲಿನ ಮಾತು. ಅಂಕಿ ಹುಟ್ಟುವಾಗ ರೈತ ಹೊರಗೆ, ಅದು ಬೆಳೆದು ಕಂಬವಾದ ಮೇಲೆ ದೂರು ಕೊಡಲು ಒಳಗೆ.

ಹಳೆಯ ಮುಂಬಯಿ ಪ್ರಾಂತದ ಕಂದಾಯ ಪದ್ಧತಿಯಲ್ಲಿ ಆಣೆವಾರಿ ಎಂಬುದಿತ್ತು. ಹದಿನಾರಾಣೆ ಬೆಳೆಯಲ್ಲಿ ಈ ವರ್ಷ ಎಷ್ಟಾಣೆ ಎಂದು ಅಂದಾಜಿಸಿ ಕಂದಾಯ ಬಿಡುವ ಕ್ರಮ. ಈ ನಾಲ್ಕರಲ್ಲಿ ಮೂರು ತಾಲೂಕಿನ ಹಿರಿಯರಿಗೆ ಆ ಪದ ಗೊತ್ತು. ಸವಣೂರು 1948ರವರೆಗೆ ನವಾಬರ ಸಂಸ್ಥಾನವಾಗಿತ್ತು, ಅದರ ದಫ್ತರವೇ ಬೇರೆ. ಆಣೆವಾರಿ ಕಣ್ಣಂದಾಜಿನ ಲೆಕ್ಕ, ವಶೀಲಿಗೆ ಬಗ್ಗುತ್ತಿತ್ತು, ಅದನ್ನು ಹೊಗಳುವ ಉದ್ದೇಶ ನನಗಿಲ್ಲ. ಆದರೆ ಅದರ ವಂಶದ ಪೈಸೆವಾರಿ ಮಹಾರಾಷ್ಟ್ರದಲ್ಲಿ ಇನ್ನೂ ಉಳಿದಿದೆ. ಅಲ್ಲಿ ಗ್ರಾಮ ಸಮಿತಿಯಲ್ಲಿ ಸರಪಂಚ, ಊರ ರೈತರು ಕೂರುತ್ತಾರೆ, ತಾತ್ಕಾಲಿಕ ಅಂಕಿಯನ್ನು ಊರಲ್ಲಿ ಪ್ರಕಟಿಸಿ ಆಕ್ಷೇಪಣೆ ಕೇಳುತ್ತಾರೆ. ಟೇಪು, ತಕ್ಕಡಿ, ಉಪಗ್ರಹ ಬಂದ ಹೊಸ ಪದ್ಧತಿಯಲ್ಲಿ ಈ ಒಂದು ಒಳ್ಳೆಯ ರೂಢಿ ಕಳೆದುಹೋಯಿತು.

ಇನ್ನು ದುಡ್ಡಿನ ಮಾತು. ಮುಂಗಾರಿನ ಆಹಾರ ಬೆಳೆಗೆ, ಎಣ್ಣೆಕಾಳಿಗೆ ರೈತ ಕೊಡುವುದು ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5, ವಾಣಿಜ್ಯ ಮತ್ತು ತೋಟದ ಬೆಳೆಗೆ ಶೇ. 5. ಕಂಪನಿ ಟೆಂಡರಿನಲ್ಲಿ ಕೂಗಿದ ದರ ಇದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ; ಆ ವ್ಯತ್ಯಾಸವನ್ನು ಕೇಂದ್ರ, ರಾಜ್ಯ ಸರ್ಕಾರಗಳು ಹಂಚಿಕೊಂಡು ತುಂಬುತ್ತವೆ. 2020ರಲ್ಲಿ ಕೇಂದ್ರ ತನ್ನ ಪಾಲಿಗೆ ಮಿತಿ ಹಾಕಿಕೊಂಡಿತು: ಮಳೆಯಾಶ್ರಿತಕ್ಕೆ ಶೇ. 30, ನೀರಾವರಿಗೆ ಶೇ. 25ರ ದರದವರೆಗೆ ಮಾತ್ರ. ಅದೇ ವರ್ಷ ಸಾಲಗಾರ ರೈತರಿಗೂ ವಿಮೆ ಐಚ್ಛಿಕವಾಯಿತು. ಒಂದು ಜಿಲ್ಲೆಯ ಗೋವಿನಜೋಳಕ್ಕೆ ಇಷ್ಟು ದರ ಏಕೆ, ಪಕ್ಕದ ಜಿಲ್ಲೆಗಿಂತ ಹೆಚ್ಚೇಕೆ ಎಂಬುದರ ಹಿಂದಿನ ಗಣಿತ ಕಂಪನಿಯ ಗುಟ್ಟು. ದರ ಸರ್ಕಾರಿ ಆದೇಶದಲ್ಲಿ ಬರುತ್ತದೆ, ದರ ಕಟ್ಟಿದ ಬಗೆ ಬರುವುದಿಲ್ಲ. ಬಹುಪಾಲು ಹಣ ಬೊಕ್ಕಸದ್ದು ಎಂದ ಮೇಲೆ ಇದು ರೈತನೊಬ್ಬನ ಪ್ರಶ್ನೆಯಲ್ಲ, ತೆರಿಗೆ ಕಟ್ಟುವ ಎಲ್ಲರದ್ದು.

ಮಹಾಲೇಖಪಾಲರು 2017ರಲ್ಲಿ ಸಂಸತ್ತಿಗೆ ಕೊಟ್ಟ ಬೆಳೆ ವಿಮೆ ವರದಿಯಲ್ಲಿ ಇದನ್ನೇ ಬೊಟ್ಟುಮಾಡಿದ್ದರು. ಇಷ್ಟೊಂದು ಸರ್ಕಾರಿ ಹಣ ಪಡೆಯುವ ಖಾಸಗಿ ವಿಮಾ ಕಂಪನಿಗಳ ಲೆಕ್ಕವನ್ನು ತಾವು ಪರಿಶೋಧಿಸಲು ಯೋಜನೆಯಲ್ಲಿ ಅವಕಾಶವಿಲ್ಲ ಎಂದರು. ಮಾತನಾಡಿಸಿದ ರೈತರಲ್ಲಿ ಮೂರರಲ್ಲಿ ಎರಡು ಪಾಲು ಜನಕ್ಕೆ ಯೋಜನೆಯ ಅರಿವೇ ಇರಲಿಲ್ಲ ಎಂದೂ ದಾಖಲಿಸಿದರು. ಮಾಹಿತಿ ಹಕ್ಕಿನ ಕಾಯ್ದೆ ಸರ್ಕಾರಿ ಕಂಪನಿಯ ಮೇಲೆ ನೇರ ನಡೆಯುತ್ತದೆ, ಖಾಸಗಿ ಕಂಪನಿಯ ಮೇಲೆ ನಡೆಯದು. ಒಂದು ವರ್ಷ ಟೆಂಡರು ಸರ್ಕಾರಿ ಕಂಪನಿಗೆ ಸಿಕ್ಕರೆ ಹಾನಗಲ್ಲದ ರೈತನಿಗೆ ಕೇಳುವ ಹಕ್ಕು ಒಂದು ಬಗೆ, ಖಾಸಗಿಗೆ ಸಿಕ್ಕರೆ ಇನ್ನೊಂದು ಬಗೆ. ಬೆಳೆ ಅದೇ, ಹೊಲ ಅದೇ, ಕಂತೂ ಅಷ್ಟೇ. ಇದಕ್ಕಿಂತ ವಿಚಿತ್ರ ಬೇರೆ ಬೇಕೆ?

ಹಾಗಾದರೆ ಕಂಪನಿಗಳ ಮೇಲೆ ಕಣ್ಣಿಡಬೇಕಾದವರು ಯಾರು? 1999ರ ಕಾಯ್ದೆಯಿಂದ ಹುಟ್ಟಿದ, ಹೈದರಾಬಾದಿನಲ್ಲಿ ಕೇಂದ್ರ ಕಚೇರಿ ಇರುವ ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ. ಆ ಕಾಯ್ದೆಯ 25ನೇ ಕಲಮು ಓದಲು ಚೆಂದವಾಗಿದೆ. 25 ಜನರವರೆಗಿನ ಒಂದು ಸಲಹಾ ಸಮಿತಿ ಇರಬೇಕು, ಅದರಲ್ಲಿ ವಾಣಿಜ್ಯ, ಕೈಗಾರಿಕೆ, ಸಾರಿಗೆಯ ಜೊತೆ ಕೃಷಿ, ಗ್ರಾಹಕ ವೇದಿಕೆಗಳ ಪ್ರತಿನಿಧಿಗಳೂ ಇರಬೇಕು, ನಿಯಮ ಮಾಡುವಾಗ ಪ್ರಾಧಿಕಾರ ಆ ಸಮಿತಿಯನ್ನು ಕೇಳಬೇಕು ಎನ್ನುತ್ತದೆ. ಪ್ರಾಧಿಕಾರ ತನ್ನ ಕರಡು ನಿಯಮಗಳನ್ನು ಪ್ರಕಟಿಸಿ ಜನರ ಅಭಿಪ್ರಾಯವನ್ನೂ ಕೇಳುತ್ತದೆ. ಆದರೆ ಆ ಕರಡಿನ ಇಂಗ್ಲಿಷ್ ವಕೀಲರಿಗೇ ತಲೆನೋವು ತರುವಂಥದ್ದು. ಕನ್ನಡದಲ್ಲಿ ಕರಡು ಇಲ್ಲದ ಮೇಲೆ ಅಭಿಪ್ರಾಯ ಕೇಳಿದ್ದು ಯಾರನ್ನು? ಬಂದ ಅಭಿಪ್ರಾಯಗಳಲ್ಲಿ ಕಂಪನಿಗಳದ್ದು ಎಷ್ಟು, ಪಾಲಿಸಿದಾರರದ್ದು ಎಷ್ಟು, ಯಾವುದನ್ನು ಏಕೆ ತಳ್ಳಿಹಾಕಿದರು ಎಂದು ಲೆಕ್ಕ ಒಪ್ಪಿಸುವ ರೂಢಿ ನಮ್ಮಲ್ಲಿ ಬೇರೂರಿಲ್ಲ. ಹಣಕಾಸು ವಲಯದ ನಿಯಂತ್ರಕರೆಲ್ಲ ಹೀಗೆ ಜನರ ಮುಂದೆ ಕಾರಣ ಒಪ್ಪಿಸಬೇಕೆಂದು ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ಅವರ ಆಯೋಗ 2013ರಲ್ಲೇ ಶಿಫಾರಸು ಮಾಡಿತ್ತು.

ಇನ್ನೊಂದು ತೊಡಕಿದೆ. ಬೆಳೆ ವಿಮೆಯ ಮಾರ್ಗಸೂಚಿ ಬರೆಯುವುದು ಕೇಂದ್ರ ಕೃಷಿ ಸಚಿವಾಲಯ, ಟೆಂಡರು ಕರೆಯುವುದು ರಾಜ್ಯ, ಕಂಪನಿಗೆ ಪರವಾನಗಿ ಕೊಡುವುದು ಪ್ರಾಧಿಕಾರ, ಅರ್ಜಿ ತೆಗೆದುಕೊಳ್ಳುವುದು ಬ್ಯಾಂಕು ಅಥವಾ ಸೇವಾ ಕೇಂದ್ರ. ತಪ್ಪಾದಾಗ ನಾಲ್ವರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ. ಅಧಿಕಾರ ಹತ್ತಿರವಿದ್ದರೆ ಉತ್ತರವೂ ಹತ್ತಿರ ಸಿಗುತ್ತದೆ ಎಂದೇನೂ ಇಲ್ಲ. 2021ರಿಂದ 2023ರವರೆಗೆ ರಾಜ್ಯದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಶಿಗ್ಗಾವಿಯ ಶಾಸಕರು, ಕೃಷಿ ಸಚಿವ ಬಿ. ಸಿ. ಪಾಟೀಲ ಹಿರೇಕೆರೂರಿನ ಶಾಸಕರು. ಇಂಥ ಯೋಗ ಯಾವ ಸೀಮೆಗೂ ಸುಲಭಕ್ಕೆ ಬರುವುದಿಲ್ಲ. ಆಗಲೂ ಪ್ರಾರಂಭಿಕ ಇಳುವರಿಯ ಪಟ್ಟಿ ಪಂಚಾಯಿತಿಯ ಗೋಡೆಗೆ ಬರುವ ಪದ್ಧತಿ ನೆಲೆಗೊಳ್ಳಲಿಲ್ಲ. ಒಬ್ಬಿಬ್ಬರ ಮೇಲೆ ಹೊರಿಸುವ ದೂರು ಇದಲ್ಲ. ಕೀಲಿಕೈ ಬೆಂಗಳೂರಿನಲ್ಲಿ ಸ್ವಲ್ಪ, ದಿಲ್ಲಿಯಲ್ಲಿ ಸ್ವಲ್ಪ, ಉಳಿದದ್ದು ಇನ್ನೂ ದೂರದಲ್ಲಿದೆ ಎಂಬುದಕ್ಕೆ ಸಾಕ್ಷಿ.

ಎಷ್ಟು ದೂರ? ವಿಮಾ ಕಂಪನಿ ತಾನು ಹೊತ್ತ ಹೊರೆಯನ್ನು ತಾನೊಂದೇ ಇಟ್ಟುಕೊಳ್ಳುವುದಿಲ್ಲ, ಮರುವಿಮೆ ಮಾಡಿಸುತ್ತದೆ. ಅದರಲ್ಲಿ ನಮ್ಮ ಸರ್ಕಾರಿ ಮರುವಿಮಾ ಕಂಪನಿ ಜಿಐಸಿಯ ಪಾಲು ದೊಡ್ಡದು. 2015ರ ಕಾನೂನು ತಿದ್ದುಪಡಿಯ ಮೇಲೆ ಮ್ಯೂನಿಕ್ ರೀ, ಸ್ವಿಸ್ ರೀ, ಹ್ಯಾನೋವರ್ ರೀಯಂಥ ವಿದೇಶಿ ಕಂಪನಿಗಳೂ ಇಲ್ಲಿ ಶಾಖೆ ತೆರೆದಿವೆ. ಹೀಗಾಗಿ ಸವಣೂರಿನ ಶೇಂಗಾ ಕೊಳೆತರೆ ಅದರ ಒಂದು ಎಳೆ ಜರ್ಮನಿಗೋ ಸ್ವಿಟ್ಜರ್‌ಲೆಂಡಿಗೋ ತಾಗಬಹುದು. ಮರುವಿಮೆಯವರು ದರ ಏರಿಸಿದರೆ ಇಲ್ಲಿನ ಟೆಂಡರಿನ ದರವೂ ಏರುತ್ತದೆ.

ಇಂಥ ಕಂಪನಿಗಳಿಗೆ ನಿಯಮ ಹೇಳುವ ದೇಶದೇಶದ ನಿಯಂತ್ರಕರಿಗೂ ಒಂದು ಕೂಟವಿದೆ. 1994ರಲ್ಲಿ ಹುಟ್ಟಿದ ಅಂತಾರಾಷ್ಟ್ರೀಯ ವಿಮಾ ಮೇಲ್ವಿಚಾರಕರ ಸಂಘ, ಕಚೇರಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ. ನಮ್ಮ ಪ್ರಾಧಿಕಾರವೂ ಅದರ ಸದಸ್ಯ. ಅದು ಬರೆದ ವಿಮಾ ಮೂಲ ತತ್ವಗಳು ಯಾವ ದೇಶದ ಶಾಸನವೂ ಅಲ್ಲ, ಆದರೂ ಅಂತಾರಾಷ್ಟ್ರೀಯ ಹಣಕಾಸು ನಿಧಿ ಒಂದು ದೇಶದ ವಿಮಾ ಆಡಳಿತವನ್ನು ತೂಗಿ ನೋಡುವಾಗ ಬಳಸುವ ತಕ್ಕಡಿ ಅವೇ. ಎರಡನೆಯ ತತ್ವ ನಿಯಂತ್ರಕನ ಕುರಿತದ್ದು: ಅವನು ಸ್ವತಂತ್ರನಾಗಿರಬೇಕು, ಉತ್ತರದಾಯಿಯಾಗಿರಬೇಕು, ಪಾರದರ್ಶಕನಾಗಿರಬೇಕು. ಇಪ್ಪತ್ತನೆಯದು ವಿಮಾ ಕಂಪನಿ ಜನರ ಮುಂದೆ ಏನೇನು ಬಿಚ್ಚಿಡಬೇಕೆಂಬುದರ ಬಗ್ಗೆ.

ಊರಿಗೆ ಉಪದೇಶ ಹೇಳುವ ಈ ಸಂಘದ ಮನೆಯಲ್ಲೇನಾಯಿತು? 2014ರವರೆಗೆ ಶುಲ್ಕ ಕಟ್ಟಿದವರು ವೀಕ್ಷಕರಾಗಿ ಅದರ ಸಭೆಗಳಲ್ಲಿ ಕೂರಬಹುದಿತ್ತು. ಆ ಕುರ್ಚಿಗಳಲ್ಲಿ ಹೆಚ್ಚಿನವು ತುಂಬಿದ್ದು ವಿಮಾ ಕಂಪನಿಗಳಿಂದ, ಅವುಗಳ ಒಕ್ಕೂಟಗಳಿಂದ. 2014ರ ವಾರ್ಷಿಕ ಸಭೆಯಲ್ಲಿ ಸಂಘ ವೀಕ್ಷಕ ಪದವಿಯನ್ನೇ ರದ್ದು ಮಾಡಿತು. ದುಡ್ಡು ಕೊಟ್ಟವರಿಗೆ ಮಾತ್ರ ಕುರ್ಚಿ ಎಂಬ ಕಳಂಕ ಹೋಯಿತು ಎಂದು ಕೆಲವರು, ಬಾಗಿಲೇ ಮುಚ್ಚಿತು ಎಂದು ಉಳಿದವರು. ಕರಡುಗಳ ಮೇಲೆ ಅಭಿಪ್ರಾಯ ಕೇಳುವ ಕ್ರಮವನ್ನು ಬದಲಿಗೆ ತಂದರು. ನನ್ನ ಮಟ್ಟಿಗೆ ಎರಡೂ ಪಂಗಡ ಅರ್ಧ ಸರಿ. ಕಂಪನಿಗಳನ್ನು ಎಬ್ಬಿಸಿದ್ದು ತಪ್ಪಲ್ಲ, ಖಾಲಿಯಾದ ಕುರ್ಚಿಯಲ್ಲಿ ಪಾಲಿಸಿದಾರನನ್ನು ಕೂರಿಸದೆ ಇದ್ದದ್ದು ತಪ್ಪು. ಮುಚ್ಚಿದ ಕೋಣೆಯಲ್ಲಿ ಕಂಪನಿಯ ಮಾತು ತಲುಪಲು ನೂರು ದಾರಿಗಳಿವೆ. ಪಾಲಿಸಿದಾರನ ಮಾತಿಗೆ ಬಾಗಿಲೊಂದೇ ದಾರಿ.

ಬೇರೆ ಕಡೆ ಬೇರೆ ರೀತಿಯೂ ಸಾಧ್ಯವಾಗಿದೆ. ಅಮೆರಿಕದ ರಾಜ್ಯ ವಿಮಾ ಆಯುಕ್ತರ ಸಂಘ 1990ರ ದಶಕದಿಂದ ಗ್ರಾಹಕ ಪ್ರತಿನಿಧಿಗಳನ್ನು ಆರಿಸಿ, ಅವರ ಪ್ರಯಾಣದ ಖರ್ಚಿಗೂ ನೆರವಾಗಿ ಸಭೆಗೆ ಕರೆಸುತ್ತದೆ. ಯೂರೋಪಿನ ವಿಮಾ ಪ್ರಾಧಿಕಾರಕ್ಕೆ ಕಾನೂನಿನ ಬಲದಿಂದಲೇ ಒಂದು ಭಾಗೀದಾರರ ಗುಂಪಿದೆ, ಗ್ರಾಹಕರಿಗೆ ಅದರಲ್ಲಿ ಪಾಲು, ಅದರ ಸಲಹೆ ಬಹಿರಂಗ. ನಮಗೆ ಹೆಚ್ಚು ಹತ್ತಿರದ ಉದಾಹರಣೆ ಅಮೆರಿಕದ ಸಂಯುಕ್ತ ಬೆಳೆ ವಿಮಾ ನಿಗಮ. ಅದರ ಮಂಡಳಿಯಲ್ಲಿ ನಾಲ್ಕು ಕುರ್ಚಿ ಸ್ವತಃ ಬೇಸಾಯ ಮಾಡುವವರಿಗೇ ಮೀಸಲು. ಯಾವ ಕೌಂಟಿಯಲ್ಲಿ, ಯಾವ ಬೆಳೆಗೆ ಎಷ್ಟು ಕಂತು ಬಂತು, ಎಷ್ಟು ಪರಿಹಾರ ಹೋಯಿತು ಎಂಬುದನ್ನು ವರ್ಷವರ್ಷ ಯಾರು ಬೇಕಾದರೂ ತೆಗೆದು ನೋಡಬಹುದು. ಅಲ್ಲಿನ ಸಾವಿರಾರು ಎಕರೆಯ ಒಡೆಯರಿಗೂ ನಮ್ಮ ಎರಡೆಕರೆಯವನಿಗೂ ಹೋಲಿಕೆ ಏನು ಎನ್ನಬಹುದು. ಎರಡೆಕರೆಯವನಿಗೇ ಈ ಅಂಕಿ ಹೆಚ್ಚು ಬೇಕು. ಅವನ ಹತ್ತಿರ ಲೆಕ್ಕಿಗನೂ ಇಲ್ಲ, ವಕೀಲನೂ ಇಲ್ಲ.

ಕರ್ನಾಟಕವನ್ನು ಬರೀ ಬೈದರೆ ಅನ್ಯಾಯವಾಗುತ್ತದೆ. ರಾಜ್ಯದ ಬೆಳೆ ವಿಮಾ ಜಾಲತಾಣ 'ಸಂರಕ್ಷಣೆ'ಯಲ್ಲಿ ಯಾವ ಊರಿನಲ್ಲಿ ಯಾರು, ಯಾವ ಸರ್ವೆ ನಂಬರಿಗೆ, ಯಾವ ಬೆಳೆಗೆ ವಿಮೆ ಮಾಡಿಸಿದರು ಎಂದು ನೋಡಲು ಸಾಧ್ಯವಾಗಿದ್ದು ದೊಡ್ಡ ಹೆಜ್ಜೆಯೇ. ಬೇರೆಯವರ ಹೊಲಕ್ಕೆ ತಾನು ವಿಮೆ ಮಾಡಿಸಿಕೊಂಡವನು ಸಿಕ್ಕಿಬಿದ್ದದ್ದು, ಶೇಂಗಾ ಬಿತ್ತಿ ಹತ್ತಿ ಎಂದು ಬರೆಸಿದವನು ಸಿಕ್ಕಿಬಿದ್ದದ್ದು ಇಂಥ ತೆರೆದ ಪಟ್ಟಿಯಿಂದ, ಬೆಳೆ ಸಮೀಕ್ಷೆಯ ಫೋಟೊದಿಂದ. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದವರೆಗೆ ಮಳೆಮಾಪಕ ಕೂರಿಸಿದೆ. ಚಕ್ರವರ್ತಿಯವರು ಕಂಡಿದ್ದರೆ ಸಂತೋಷಪಡುತ್ತಿದ್ದರು. ಹವಾಮಾನ ಆಧಾರಿತ ವಿಮೆಯ ಲೆಕ್ಕ ಈ ಮಾಪಕಗಳ ಮೇಲೆ. ಆದರೆ ಎಷ್ಟು ದಿನ ಮಳೆ ಬಾರದಿದ್ದರೆ, ಉಷ್ಣತೆ ಎಷ್ಟು ಏರಿದರೆ ಎಷ್ಟು ಹಣ ಎಂಬ ಕೋಷ್ಟಕವನ್ನು ಕನ್ನಡದಲ್ಲಿ ಓದಿ ತಿಳಿದ ತೋಟಗಾರ ಅಪರೂಪ. ಮಾಪಕ ಕೆಟ್ಟು ನಿಂತ ದಿನ ಯಾವ ಊರಿನ ಅಂಕಿಯನ್ನು ಎರವಲು ತಂದರು ಎಂಬುದನ್ನೂ ಅವನಿಗೆ ಹೇಳುವವರಿಲ್ಲ.

ಹೀಗೆ ನೋಡಿದರೆ ಪಾರದರ್ಶಕತೆ ನಮ್ಮಲ್ಲಿ ಇಲ್ಲವೆಂದಲ್ಲ, ಅದು ಒಂದೇ ದಿಕ್ಕಿನಲ್ಲಿದೆ. ರೈತನ ಪಹಣಿ ತೆರೆದಿದೆ, ಆ ಹೊಲದ ಫೋಟೊ ತೆರೆದಿದೆ, ಬಿತ್ತಿದ್ದು ಏನು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂಬುದೆಲ್ಲ ತೆರೆದಿದೆ. ರೈತನನ್ನು ಅನುಮಾನಿಸಲು ಬೇಕಾದ ಮಾಹಿತಿ ಸಾಕಷ್ಟು ಉಂಟು. ಅವನು ಅನುಮಾನಿಸಿದಾಗ ಬೇಕಾದ ಮಾಹಿತಿ, ಅಂದರೆ ಚೌಕದ ತೂಕ, ಕಂಪನಿಯ ಆಕ್ಷೇಪ, ಸಮಿತಿಯ ನಡಾವಳಿ, ದರದ ಗಣಿತ, ಇವೆಲ್ಲ ಬೀರುವಿನಲ್ಲಿ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕಿನ 8ನೇ ಕಲಮಿಗೆ ತಂದ ತಿದ್ದುಪಡಿ ಇನ್ನೊಂದು ಚಿಂತೆ. ಫಲಾನುಭವಿಗಳ ಪಟ್ಟಿ 'ವೈಯಕ್ತಿಕ ಮಾಹಿತಿ' ಎಂದು ಅರ್ಜಿ ತಳ್ಳಲು ಅದು ನೆಪವಾದರೆ, ಈಗಿರುವ ಅರ್ಧ ಬೆಳಕೂ ಆರುತ್ತದೆ.

ಕಂಪನಿಗಳಿಗೂ ಒಂದು ವಾದವಿದೆ, ಅದು ತೆಗೆದುಹಾಕುವಂಥದ್ದಲ್ಲ. ಯಾವ ಸರ್ವೆ ನಂಬರಿನಲ್ಲಿ ಚೌಕ ಬೀಳುತ್ತದೆಂದು ಮೊದಲೇ ಊರಿಗೆ ಗೊತ್ತಾದರೆ ಆ ಹೊಲಕ್ಕೆ ಗೊಬ್ಬರ ನಿಲ್ಲಿಸುವವರೂ ಇದ್ದಾರೆ, ತೂಗುವವನ ಮೇಲೆ ಹತ್ತು ಜನ ಸೇರಿ ಒತ್ತಡ ಹಾಕುವುದೂ ಉಂಟು. ಅಂಕಿ ಕಡಿಮೆ ಬರೆಸುವ ರಾಜಕಾರಣ ಸುಳ್ಳಲ್ಲ. ನಷ್ಟ ತಾಳಲಾರದೆ ಕೆಲವು ಖಾಸಗಿ ಕಂಪನಿಗಳು 2019ರ ಹೊತ್ತಿಗೆ ಈ ವ್ಯವಹಾರ ಬಿಟ್ಟವು. ಸರಿ, ಮೊದಲು ಹೇಳುವುದು ಬೇಡ. ಕೊಯ್ದ ಸಂಜೆಗೆ ಹೇಳಿ. ಸರ್ವೆ ನಂಬರು, ಹಸಿ ತೂಕ, ಒಣ ತೂಕ, ಫೋಟೊ, ನಿಂತು ನೋಡಿದವರ ಸಹಿ, ಇಷ್ಟನ್ನು ಪಂಚಾಯಿತಿಯ ಗೋಡೆಗೆ ಅಂಟಿಸಿ, ಹದಿನೈದು ದಿನ ಆಕ್ಷೇಪಣೆಗೆ ಕೊಡಿ. ಇದಕ್ಕೆ ಹೊಸ ಕಾನೂನು ಬೇಡ, ಹೊಸ ಹಣವೂ ಬೇಡ. ಕಂಪನಿಗಳು ಒಟ್ಟು ಕಂತಿನ ಶೇ. 0.5ನ್ನು ಪ್ರಚಾರಕ್ಕೆ ಖರ್ಚು ಮಾಡಬೇಕೆಂಬ ನಿಯಮ ಇದ್ದೇ ಇದೆ. ನಗುವ ರೈತನ ಚಿತ್ರವಿರುವ ಫಲಕಕ್ಕಿಂತ ಈ ಕಾಗದ ದೊಡ್ಡ ಪ್ರಚಾರ.

ಉಪಗ್ರಹ, ಯಂತ್ರದ ಲೆಕ್ಕ ಬಂದರೆ ಈ ಜಗಳವೆಲ್ಲ ಮುಗಿಯುತ್ತದೆ ಎನ್ನುವ ಉತ್ಸಾಹಿಗಳಿದ್ದಾರೆ. 2023ರ ಮುಂಗಾರಿನಿಂದ ಭತ್ತದ ಇಳುವರಿ ಅಂದಾಜಿನಲ್ಲಿ ಶೇ. 30 ತೂಕವನ್ನು ತಂತ್ರಜ್ಞಾನದ ಅಂಕಿಗೆ ಕೊಡುವ ಕ್ರಮವನ್ನು ಕೇಂದ್ರ ತಂದಿದೆ. ಹಾನಗಲ್ಲದಂಥ ಭತ್ತದ ತಾಲೂಕಿಗೆ ಇದು ನೇರ ಸಂಬಂಧಿಸಿದ್ದು. ಚೌಕವನ್ನಾದರೂ ಹೊಲದ ಬದುವಿನಲ್ಲಿ ನಿಂತು ನೋಡಬಹುದಿತ್ತು, ಗಣಿತ ಮಾದರಿಯನ್ನು ಎಲ್ಲಿ ನಿಂತು ನೋಡುವುದು? ತಂತ್ರಜ್ಞಾನ ಬೇಡವೆಂದಲ್ಲ. ಅಂಕಿ ಬಂದ ಬಗೆಯನ್ನು ಕನ್ನಡದಲ್ಲಿ ಬರೆದು ಕೊಡುವ ಷರತ್ತಿನ ಮೇಲೆ ಬರಲಿ.

ಅಲ್ಲಿಯವರೆಗೆ ಕೈಯಲ್ಲಿರುವುದನ್ನು ಬಳಸಬೇಕು. ಆಲಿಕಲ್ಲು, ಪ್ರವಾಹದಂಥ ಸ್ಥಳೀಯ ಹಾನಿಗೆ 72 ಗಂಟೆಯೊಳಗೆ ತಿಳಿಸಬೇಕು, 14447 ಸಹಾಯವಾಣಿಗೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಹೊಲಕ್ಕೆ ಯಾವ ಬೆಳೆ ಬರೆದಿದ್ದಾರೆ ಎಂದು ಅವಧಿ ಮುಗಿಯುವ ಮೊದಲೇ ನೋಡಿಕೊಳ್ಳಬೇಕು, ತಪ್ಪಿದ್ದರೆ ಆಗಲೇ ಆಕ್ಷೇಪಿಸಬೇಕು. ಚೌಕದ ತೂಕ ಬೇಕಿದ್ದರೆ ಅರ್ಜಿ ಕಂಪನಿಗೆ ಹಾಕಬೇಡಿ. ಜಿಲ್ಲಾ ಸಂಖ್ಯಾ ಸಂಗ್ರಹಣಾ ಅಧಿಕಾರಿಗಳ ಕಚೇರಿಗೆ ಮಾಹಿತಿ ಹಕ್ಕಿನಡಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕಿರಬೇಕು, 150 ಪದ ಮೀರಬಾರದು. ಹೆಚ್ಚು ಪದ ಬೇಕಾಗುವುದೂ ಇಲ್ಲ: ನಮ್ಮ ಪಂಚಾಯಿತಿಯಲ್ಲಿ ಈ ಹಂಗಾಮಿನಲ್ಲಿ ನಡೆದ ನಾಲ್ಕೂ ಕಟಾವು ಪ್ರಯೋಗಗಳ ಸರ್ವೆ ನಂಬರು, ದಿನಾಂಕ, ತೂಕ, ಹಾಜರಿದ್ದವರ ಹೆಸರು ಕೊಡಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಬಂದ ಉತ್ತರವನ್ನು ಮನೆಯಲ್ಲಿಟ್ಟುಕೊಳ್ಳದೆ ಮುಂದಿನ ಗ್ರಾಮ ಸಭೆಯಲ್ಲಿ ಗಟ್ಟಿಯಾಗಿ ಓದಿ, ನಡಾವಳಿಯಲ್ಲಿ ಬರೆಸಿ.